ಬಾಲದ ಮೇಲಿನ ಹೆಜ್ಜಾರ್ಲೆ

ಸ್ಪ್ರೇ ಗನ್ನಿನ ಮೂತಿ ನನ್ನ ಮೂಗಿಗೆ ತಾಗುವಂತಿತ್ತು.

"ಬಾಯಿ ತೆಗಿ ಅಣ್ಣಾ," ಅಂದ ಅಖಿಲ್. "ಹಲ್ಲಿಗೆ ಒಳ್ಳೇ ಕೇಸರಿ ಬಣ್ಣ ಹೊಡೀತೀನಿ. ಕಂಪನಿ ಕಲರ್!"

ಇಬ್ಬರು ಹಿಂದಿನಿಂದ ನನ್ನ ತೋಳು ತಿರುಚಿ ಹಿಡಿದಿದ್ದರು. ವಿಶಾಖಪಟ್ಟಣದ ಪಕ್ಕದ ಅಚ್ಯುತಾಪುರಂನ ಪೇಂಟ್ ಶೆಡ್ಡು. ಅಖಿಲ್ ಅಲ್ಲಿನ ಕಾವಲಿನವರ ಮುಖಂಡ. ತಗಡಿನ ಮಾಡು ಬಿಸಿಲಿಗೆ ಚಟಚಟ ಅನ್ನುತ್ತಿತ್ತು. ಥಿನ್ನರ್ ವಾಸನೆಗೆ ಕಣ್ಣಲ್ಲಿ ನೀರು...

ಮಾತೆಲ್ಲ ನಡೆದದ್ದು ತೆಲುಗಿನಲ್ಲಿ. ನಿಮಗಾಗಿ ಕನ್ನಡ ಮಾಡಿ ಹೇಳುತ್ತಿದ್ದೇನೆ. ಬೈಗುಳ ಮಾತ್ರ ಬಿಟ್ಟಿದ್ದೇನೆ.

"ಇಲ್ಲೇನು ಹುಡುಕ್ತಿದ್ದೆ?"

"ಬಾತ್‌ರೂಮ್," ಅಂದೆ.

ಅವನು ನಕ್ಕ. ನಗುವವನ ಕೈ ಸಡಿಲವಾಗುತ್ತದೆ. ಕಾಲ ಬಳಿಯಲ್ಲೇ ಕಂಪ್ರೆಸರಿನ ಪೈಪು ಸೇರುವ ಜಾಗ ಇತ್ತು. ಹಿಮ್ಮಡಿಯಿಂದ ಜಾಡಿಸಿ ಒದ್ದೆ!

ಪೈಪು ಕಳಚಿ, ಬೆದರಿದ ಎತ್ತಿನ ಹಾಗೆ ಎದ್ದು ಕುಣಿಯಿತು. ಒಬ್ಬನ ದವಡೆಗೆ ಬಿತ್ತು. ಇನ್ನೊಬ್ಬ ತಾನಾಗಿ ನನ್ನ ಕೈ ಬಿಟ್ಟ. ಅಖಿಲನ ಗನ್ನು ಅವನ ಬಿಳಿ ಅಂಗಿಗೇ ಕೇಸರಿ ಬಳಿಯಿತು. ನಾನು ಬೇಲಿ ಹಾರಿ ಓಡಿದೆ.

ಆದರೆ ಬೇಕಾದದ್ದು ಅಷ್ಟರಲ್ಲಿ ನನ್ನ ಅಂಗೈಗೆ ಸಿಕ್ಕಿಯಾಗಿತ್ತು.

ನನ್ನ ಹೆಸರು ನಟರಾಜ. ಊರು ಚಳ್ಳಕೆರೆ ಕಡೆ. ಗಾಜುವಾಕದಲ್ಲಿ ಬಾಡಿಗೆ ಮನೆ, ತೆಲುಗು ಹೆಂಡತಿ. ಬಂದರಿನಲ್ಲಿ ಕಳುವಾದ ಮಾಲು ಪತ್ತೆ ಮಾಡುವುದು ಕೆಲಸ. ಈ ಸಲ ನಾನು ಹುಡುಕುತ್ತಿದ್ದದ್ದು ಒಂದು ವಿಮಾನದ ಬಾಲ.

ವಿಮಾನ ಕಂಪನಿಗಳ ಹಕ್ಕಿಗಳನ್ನು ನೀವು ಗಮನಿಸಿದ್ದೀರೋ ಇಲ್ಲವೋ. ಮೊದಮೊದಲು ಗರಿ, ಕಣ್ಣು, ಉಗುರು ಎಲ್ಲ ಇರುತ್ತವೆ. ಕಂಪನಿಗೆ ವಯಸ್ಸಾದಂತೆ ಗರಿ ಉದುರುತ್ತವೆ. ಕೊನೆಗೆ ಒಂದು ಗೆರೆ ಉಳಿಯುತ್ತದೆ. ಆ ಗೆರೆಗೆ ಬೆಂಗಳೂರಿನಿಂದಲೋ ಮುಂಬಯಿಯಿಂದಲೋ ಬಂದ ಯಾರೋ "ಇದು ಹಾರಾಟದ ಭಾವ" ಎಂದು ವಿವರಣೆ ಕೊಡುತ್ತಾರೆ.

ದುರ್ಗಾಪ್ರಸಾದನ 'ಕೊಲ್ಲೇರು ಏರ್' ಕೂಡ ಹಾಗೆಯೇ. ಮೊದಲು ಬಾಲದ ಮೇಲೆ ಕೊಲ್ಲೇರು ಸರೋವರದ ಹೆಜ್ಜಾರ್ಲೆ, ಅದರ ಕೊಕ್ಕಿನ ಚೀಲದಲ್ಲಿ ಮೀನು. ಆಮೇಲೆ ಮೀನು ಹೋಯಿತು. ಈಗ ಹೆಜ್ಜಾರ್ಲೆಯೂ ಹೋಗಿ, ಹೆಸರೂ ಹೋಗಿ, 'ವ್ಯೋಮಾ' ಅಂತ ಒಂದು ಕೇಸರಿ ಗೆರೆ!

ಮೀನು ಹೋದದ್ದು ಫ್ಯಾಷನ್ನಿಗೆ. ಹೆಜ್ಜಾರ್ಲೆ ಹೋದದ್ದಕ್ಕೆ ಕಾರಣ ಬೇರೆ.

ಎರಡು ವರ್ಷದ ಹಿಂದೆ ವಿಶಾಖಪಟ್ಟಣದಲ್ಲಿ ಅವನ ವಿಮಾನ ನಿಂತಲ್ಲೇ ಮೂತಿಯ ಚಕ್ರ ಮಡಚಿ ಕುಸಿಯಿತು. ಕೆಳಗೆ ಲಗೇಜು ಇಳಿಸುತ್ತಿದ್ದ ತಿರುಮಲೇಶ್ ಸಿಕ್ಕಿಕೊಂಡ. ನನ್ನ ಹೆಂಡತಿ ಗಂಗಾಭವಾನಿಯ ಒಬ್ಬನೇ ತಮ್ಮ. ಇನ್ನೂ ಜೀವವಿತ್ತು. ಕೂಗುತ್ತಿದ್ದ. ಮೂತಿಯನ್ನು ಒಂದು ಗೇಣು ಎತ್ತಿದ್ದರೆ ಸಾಕಿತ್ತು.

ಅಪಘಾತವಾದರೆ ಕ್ಯಾಮೆರಾ ಬರುವುದರೊಳಗೆ ಬಾಲದ ಗುರುತಿಗೆ ಬಿಳಿ ಬಣ್ಣ ಬಳಿಯುವುದು ಆ ಧಂದೆಯ ಹಳೆಯ ಪದ್ಧತಿ. ಪೇಪರಿನಲ್ಲಿ ಬಿದ್ದ ವಿಮಾನ ಬರಬಹುದು, ಗುರುತು ಬರಬಾರದು. ಅವತ್ತು ಕಂಪನಿಯ ಹತ್ತಿರ ಇದ್ದದ್ದು ಒಂದೇ ಕ್ರೇನು. ದುರ್ಗಾಪ್ರಸಾದ್ ಅದನ್ನು ಬಾಲದ ಕಡೆಗೆ ಕಳಿಸಿದ... ಬಕೆಟ್ ಹಿಡಿದ ಪೇಂಟರನ್ನು ಎತ್ತಲು!

ಹಕ್ಕಿ ಪೂರ್ತಿ ಅಳಿಸಿದ ಮೇಲೆ ಕ್ರೇನು ಮೂತಿಯ ಕಡೆ ಬಂತು. ಅಷ್ಟರಲ್ಲಿ ಕೂಗು ನಿಂತಿತ್ತು.

ತನಿಖೆಯಲ್ಲಿ ಅವನು ಹೇಳಿದ್ದು ಇಷ್ಟು: ಕ್ರೇನೇ ಇರಲಿಲ್ಲ. ಬಿಳಿ ಬಳಿದದ್ದು ಮಾರನೇ ದಿನ. ಬಾಲವನ್ನು ಗುಜರಿಗೆ ಹಾಕಿ ಕರಗಿಸಿಯಾಯಿತು. ಹುಡುಗ ಕುಡಿದು ಕೆಳಗೆ ಮಲಗಿದ್ದ.

ಆ ಕೊನೆಯ ಮಾತನ್ನು ಗಂಗಾಭವಾನಿಗೆ ನುಂಗಲಾಗಲಿಲ್ಲ. ತಮ್ಮನ ತಿಥಿಯ ದಿನವೂ ಎಲೆಯ ಮುಂದೆ ಕೂತು, ತುತ್ತು ಮುಟ್ಟದೆ ಎದ್ದುಬಿಟ್ಟಳು.

ಕ್ರೇನು ನಡೆಸಿದವನನ್ನು ಹುಡುಕಲು ನನಗೆ ಬಹಳ ದಿನ ಹಿಡಿಯಿತು. ಹೆಸರು ಗೋಪಾಲಕೃಷ್ಣ. ಈಗ ವಿಜಯವಾಡದಲ್ಲಿ ಬಾಡಿಗೆ ಕ್ರೇನು ನಡೆಸುತ್ತಾನೆ. ಹೆದರಿ ಬಾಯಿ ಮುಚ್ಚಿಕೊಂಡಿದ್ದ. "ಬಾಲ ಸಿಕ್ಕರೆ ಬಾಯಿ ಬಿಡ್ತೀನಿ ಸಾರ್," ಅಂದ. "ಇಲ್ಲದಿದ್ರೆ ನನ್ನ ಮಾತು ಯಾರು ನಂಬ್ತಾರೆ?"

ಬಾಲ ಆ ಪೇಂಟ್ ಶೆಡ್ಡಿನಲ್ಲಿ ಸಿಕ್ಕಿತು. ವ್ಯೋಮಾ ಉದ್ಘಾಟನೆಗೆ ಪ್ರದರ್ಶನಕ್ಕಿಡಲು ಹೊಸ ಬಾಲ ಮಾಡಿಸಲು ಆ ಜಿಪುಣನಿಗೆ ಮನಸ್ಸು ಬಂದಿರಲಿಲ್ಲ. ಹಳೆಯದಕ್ಕೇ ಬಣ್ಣ ಹೊಡೆಸಿದ್ದ. ಕೆಳಗಿನ ಬಣ್ಣ ಕೆರೆಸುವ ಖರ್ಚನ್ನೂ ಉಳಿಸಿದ್ದ.

ನಮ್ಮ ಕಡೆ ಕದ್ದ ದನಕ್ಕೆ ಹಳೆ ಬರೆಯ ಮೇಲೆ ಹೊಸ ಬರೆ ಹಾಕಿ ಮಾರುತ್ತಾರೆ. ಕಣ್ಣಿಗೆ ಏನೂ ಕಾಣುವುದಿಲ್ಲ. ನಮ್ಮಪ್ಪ ಕಣ್ಣು ಮುಚ್ಚಿ ರೋಮದ ಎದುರು ದಿಕ್ಕಿಗೆ ಅಂಗೈ ಎಳೆಯುತ್ತಿದ್ದ. ನಾನೂ ಆ ಕೇಸರಿ ಗೆರೆಯ ಮೇಲೆ ಅಂಗೈ ಎಳೆದೆ. ಒಳಗಿನ ಬಣ್ಣದ ಅಂಚು ತಡೆಯಿತು. ಕತ್ತು... ಕೊಕ್ಕು... ಜೋತ ಚೀಲ.

ಹೆಜ್ಜಾರ್ಲೆ ಅಲ್ಲೇ ಕೂತಿತ್ತು!

ಮನೆಗೆ ಬಂದಾಗ ಗಂಗಾಭವಾನಿ ನನ್ನ ಊದಿದ ತೋಳು ನೋಡಿದಳು. ನಮ್ಮ ಮನೆಯ ಕನ್ನಡಕ್ಕೆ ಅರ್ಧ ತೆಲುಗಿನ ಒಗ್ಗರಣೆ.

"ಏಮಂಡಿ, ಸಿಕ್ತಾ?"

"ಸಿಕ್ತು. ಪೊಲೀಸಿಗೆ ಹೇಳೋಣ."

"ಹೇಳಿದ್ರೆ ರಾತ್ರಿಗೇ ಕರಗಿಸ್ತಾನೆ. ಅವನ ಬಾಯಿಂದ ಬರಬೇಕು. ಮಂದಿ ಮುಂದೆ ಬರಬೇಕು." ಎಣ್ಣೆ ಹಚ್ಚುತ್ತಾ ತೋಳನ್ನು ಗಟ್ಟಿಯಾಗಿ ಅದುಮಿದಳು. "ನಾನೂ ಬರ್ತೀನಿ. ಪಟ್ಟುಸೀರೆ ಉಟ್ಟು ಬರ್ತೀನಿ."

ಉದ್ಘಾಟನೆ ವಿಜಯವಾಡದಲ್ಲಿ, ಕೃಷ್ಣಾ ದಂಡೆಯ ಮೈದಾನದಲ್ಲಿ. ಅವಳು ಬಸ್ಸಿನಲ್ಲಿ ಮುಂದೆ ಹೋದಳು. ನಾನು ಹಳೆ ಆಲ್ಟೊದಲ್ಲಿ ಬಾಲ ಹೊತ್ತ ಟ್ರೇಲರಿನ ಬಾಲ ಹಿಡಿದೆ.

ಮರುದಿನ ಬೆಳಿಗ್ಗೆ ಹನುಮಾನ್ ಜಂಕ್ಷನ್ ಹತ್ತಿರ ಅವರು ಪೆಸರಟ್ಟು ತಿನ್ನಲು ನಿಲ್ಲಿಸಿದರು. ಬಾಲಕ್ಕೆ ಉದ್ಘಾಟನೆಯ ರೇಷ್ಮೆ ಬಟ್ಟೆ ಹೊದಿಸಿ ಮೇಲೆ ತಾರ್ಪಾಲು ಬಿಗಿದಿದ್ದರು. ನಾನು ಅಡಿಯಿಂದ ನುಸುಳಿದೆ. ಕೈಯಲ್ಲಿ ಪೇಂಟ್ ಕೀಳುವ ಲೋಳೆಯ ಡಬ್ಬಿ, ಬ್ರಷ್ಷು. ಕೇಸರಿಯ ಮೇಲೆ ದಪ್ಪಗೆ ಮೆತ್ತಿದೆ. ಮೇಲಿನ ಬಣ್ಣ ಹಪ್ಪಳದ ಹಾಗೆ ಉಬ್ಬತೊಡಗಿತು. ರೇಷ್ಮೆ ಅದಕ್ಕೆ ಅಂಟಿಕೊಂಡಿತು.

ಹೊರಗೆ ಬಂದು ಕಾರಿನ ಬಾಗಿಲಿಗೆ ಕೈ ಹಾಕಿದ್ದೆ.

"ರೇಯ್! ಬಾತ್‌ರೂಮ್ ಗಿರಾಕಿ!"

ಅಖಿಲ್! ಕೈಯಲ್ಲಿ ಇನ್ನೂ ಪೆಸರಟ್ಟು.

ಗಾಡಿ ಹಾರಿಸಿದೆ. ಅವನ ಜೀಪು ಹಿಂದೆ. ಹೈವೇಯಲ್ಲಿ ಜೀಪಿನ ಮುಂದೆ ಆಲ್ಟೊ ನಿಲ್ಲುವ ಮಾತಲ್ಲ. ಕಾಲುವೆಯ ಏರಿಗೆ ತಿರುಗಿಸಿದೆ. ಎದುರಿಗೆ ಎಮ್ಮೆಗಳು... ಏರಿಯ ತುಂಬ!

ಎಮ್ಮೆಗೆ ಹಾರ್ನ್ ಹೊಡೆಯಬಾರದು. ಗಾಡಿ ನಿಧಾನ ಮಾಡಿ, ಕಿಟಕಿಯಿಂದ ಕೈ ಚಾಚಿ, ಮುಂದಿನದರ ಬೆನ್ನು ತಟ್ಟಿ "ಹೋ... ಹೋ..." ಅಂದೆ. ಅದು ಪಕ್ಕಕ್ಕೆ ಸರಿಯಿತು. ಉಳಿದವು ಅದರ ಹಿಂದೆ ಸರಿದವು. ನಾನು ದಾಟಿದೆ.

ಅಖಿಲ್ ಹಾರ್ನ್ ಹೊಡೆದ. ಎಮ್ಮೆಗಳು ತಿರುಗಿ ಅವನಿಗೇ ಅಡ್ಡ ನಿಂತವು. ಅವನು ಏರಿಯ ಅಂಚಿನಿಂದ ನುಗ್ಗಿಸಿದ. ಮುಂದಿನ ಸಲ ಕನ್ನಡಿಯಲ್ಲಿ ನೋಡಿದಾಗ ಜೀಪಿನ ಹಿಂದಿನ ಚಕ್ರಗಳು ಆಕಾಶಕ್ಕಿದ್ದವು. ಕೆಸರಿನಿಂದ ಎದ್ದು ಅವನು ಧಣಿ ದುರ್ಗಾಪ್ರಸಾದನಿಗೆ ಫೋನ್ ಮಾಡಿದನಂತೆ: "ಮೊನ್ನೆ ಶೆಡ್ಡಿಗೆ ನುಗ್ಗಿದ್ದವನು ಬಂದಿದ್ದ ಸಾರ್. ಓಡಿಸಿಬಿಟ್ಟೆ." ತಾರ್ಪಾಲು ಬಿಚ್ಚಿ ನೋಡಬೇಕು ಎಂದು ಯಾರಿಗೂ ಹೊಳೆಯಲಿಲ್ಲ.

ಮೈದಾನದಲ್ಲಿ ಶಾಮಿಯಾನ, ಟಿವಿಯವರು, ದುಡ್ಡು ಹಾಕುವ ದೊಡ್ಡ ಮಂದಿ. ಬಾಲ ಮಧ್ಯದಲ್ಲಿ ನಿಂತಿತ್ತು. ಪಕ್ಕದಲ್ಲಿ ಹೂ ಸುತ್ತಿದ ಕ್ರೇನು. ದುರ್ಗಾಪ್ರಸಾದ್ ತಾನೇ ಬುಟ್ಟಿಯಲ್ಲಿ ಮೇಲೆ ಹೋಗಿ ಬಟ್ಟೆ ಸರಿಸುವುದು ಕಾರ್ಯಕ್ರಮ. ನಡೆಸುವ ಸೀಟಿನಲ್ಲಿ ಗೋಪಾಲಕೃಷ್ಣ. ಸಹೋದ್ಯೋಗಿಗೆ ಹೇಳಿ ಪಾಳಿ ಬದಲಿಸಿಕೊಂಡಿದ್ದ. ಧಣಿ ಅವನ ಮುಂದೆಯೇ ಹಾದು ಬುಟ್ಟಿ ಹತ್ತಿದ. ಆಪರೇಟರಿನ ಮುಖ ಯಾರು ನೋಡುತ್ತಾರೆ?

"ಬ್ರ್ಯಾಂಡ್ ಅಂದ್ರೆ ನಂಬಿಕೆ!" ಕಾಲರಿನ ಮೈಕಿನಿಂದ ಅವನ ದನಿ ನದಿಯವರೆಗೂ ಕೇಳಿತು. "ನಿಮ್ಮ ಮುಂದೆ... ವ್ಯೋಮಾ!"

ಬಟ್ಟೆ ಎಳೆದ.

ಬಟ್ಟೆಯ ಜೊತೆಗೆ ಕೇಸರಿ ಗೆರೆಯೂ ಕಿತ್ತು ಬಂತು. ಅದರ ಬೆನ್ನಿಗೆ ಬಿಳಿ ಬಣ್ಣ ಚಕ್ಕೆ ಚಕ್ಕೆಯಾಗಿ ಉದುರಿತು. ಕೊಕ್ಕಿನ ತುದಿ ಕರಗಿಹೋಗಿತ್ತು. ಉಳಿದ ಹೆಜ್ಜಾರ್ಲೆ ಸಭೆಯನ್ನೇ ನೋಡುತ್ತಿತ್ತು.

ಟಿವಿಯವರ ಕ್ಯಾಮೆರಾಗಳೆಲ್ಲ ಅದರ ಕಡೆ ತಿರುಗಿದವು.

"ಇಳಿಸು! ರೇಯ್, ಇಳಿಸು!"

ಗೋಪಾಲಕೃಷ್ಣ ಇಂಜಿನ್ ಆರಿಸಿದ. ಕೀಲಿ ತೆಗೆದು ಕೃಷ್ಣೆಗೆ ಎಸೆದ. ಬುಟ್ಟಿ ಬಿಸಿಲಿನಲ್ಲಿ ತೂಗಾಡುತ್ತಾ ನಿಂತಿತು.

ಪಟ್ಟುಸೀರೆಯ ಗಂಗಾಭವಾನಿ ಮುಂದಿನ ಸಾಲಿನಿಂದ ಎದ್ದಳು.

"ದುರ್ಗಾಪ್ರಸಾದ್ ಗಾರೂ! ಅವತ್ತು ಕ್ರೇನ್ ಇತ್ತಾ?"

"ಯಾರಮ್ಮಾ ನೀನು?"

"ತಿರುಮಲೇಶ್ ಅಕ್ಕ."

"ಆ ಕುಡುಕ..."

ಗಾಳಿ ಬೀಸಿತು. ಬುಟ್ಟಿ ಅರ್ಧ ಸುತ್ತು ತಿರುಗಿತು. ಅವನು ಸರಳು ತಬ್ಬಿಕೊಂಡ. ಇಪ್ಪತ್ತು ವಿಮಾನ ಹಾರಿಸುವವನಿಗೆ ತೆಂಗಿನಮರದೆತ್ತರದ ಭಯ!

"ಇಳಿಸಮ್ಮಾ... ನಿನ್ನ ಕಾಲಿಗೆ ಬೀಳ್ತೀನಿ!"

"ಕ್ರೇನ್ ಇತ್ತಾ?"

"ಇತ್ತು! ಇತ್ತು!"

"ಎಲ್ಲಿತ್ತು?"

"ಬಾಲದ ಹತ್ರ... ಪೇಂಟರ್‌ನ ಎತ್ತಿತ್ತು..."

"ಅವನು ಕುಡಿದಿದ್ದನಾ?"

"ಇಲ್ಲ... ಇಲ್ಲಮ್ಮಾ..."

ಅವಳ ದನಿ ಏರಲಿಲ್ಲ. "ಆಗ ನನ್ನ ತಮ್ಮ ಏನು ಮಾಡ್ತಿದ್ದ?"

ಮೈಕಿನಲ್ಲಿ ಬರೀ ಏದುಸಿರು. ಆಮೇಲೆ, ಸಣ್ಣಗೆ: "ಕೂಗ್ತಿದ್ದ."

ಅಷ್ಟೂ ಸ್ಪೀಕರುಗಳು ಅದನ್ನೇ ಹೇಳಿದವು.

ಹೆದರಿಸಿ ಹೇಳಿಸಿದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ನನಗೂ ಗೊತ್ತು. ಆದರೆ ಅವನು ಕರಗಿಸಿದೆ ಅಂದಿದ್ದ ಬಾಲ ಎದುರಿಗೇ ನಿಂತಿತ್ತು. ಗೋಪಾಲಕೃಷ್ಣ ತಾನಾಗಿ ಬಂದೋಬಸ್ತಿಗೆ ಬಂದಿದ್ದ ಇನ್‌ಸ್ಪೆಕ್ಟರ್ ಹತ್ತಿರ ಹೋಗಿ, "ಅವತ್ತಿನ ಆಪರೇಟರ್ ನಾನೇ ಸಾರ್, ಬರ್ಕೊಳ್ಳಿ," ಅಂದ. ದುಡ್ಡು ಹಾಕುವವರು ಒಬ್ಬೊಬ್ಬರಾಗಿ ಕಾರು ಹತ್ತಿದರು. ಧಣಿಯನ್ನು ಇಳಿಸಲು ಏಣಿ ತರಬೇಕಿತ್ತು. ಯಾರಿಗೂ ಅವಸರ ಇದ್ದ ಹಾಗೆ ಕಾಣಲಿಲ್ಲ.

ಶಾಮಿಯಾನದ ಹಿಂದೆ ಮುನ್ನೂರು ಜನಕ್ಕೆ ಮಾಡಿಸಿದ ಅಡುಗೆ ಹಾಗೇ ಇತ್ತು. ಗಂಗಾಭವಾನಿ ಒಂದು ಎಲೆ ಹಾಸಿಕೊಂಡು ಕೂತಳು. ಪಪ್ಪು, ಗೋಂಗೂರ, ಪುಳಿಹೋರ. ಎರಡು ಸಲ ಅನ್ನ ಹಾಕಿಸಿಕೊಂಡಳು. ಮೇಲಿನಿಂದ ಅವನ ಅಳು ಇನ್ನೂ ಕೇಳುತ್ತಿತ್ತು.

"ಹೇಗಿದೆ?" ಅಂದೆ.

ಬೆರಳು ನೆಕ್ಕಿ ಹೇಳಿದಳು:

"ಪುಳಿಹೋರಕ್ಕೆ ಉಪ್ಪು ಸ್ವಲ್ಪ ಕಡಿಮೆ."