ಕುಂಟದೇ ನಡೆದ ದಿನ

"ಏನ್ರೀ, ಹತ್ತೂದಿದ್ರ ಹತ್ರಿ! ಇಲ್ಲಂದ್ರ ದಾರಿ ಬಿಡ್ರಿ!"

ಕಂಡಕ್ಟರ್ ವಿರೂಪಾಕ್ಷನ ದನಿಗೆ ಯರಗಟ್ಟಿ ಬಸ್‌ಸ್ಟ್ಯಾಂಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಬೆಳಗಾವಿ ಬಸ್ಸಿನ ಮೊದಲ ಮೆಟ್ಟಿಲಿಗೆ ಬಲಗಾಲಿಟ್ಟ ಮೀನಾ ಅಲ್ಲೇ ನಿಂತುಬಿಟ್ಟಿದ್ದಳು. ಮೇಲೆ ಹತ್ತಲಾಗದು... ಕೆಳಗಿಳಿಯಲೂ ಆಗದು!

"ಕಾಲ ಊರಾಕ ಆಗವಲ್ದರಿ..." ಎಂದವಳ ಕಣ್ಣು ತುಂಬಿತು.

ವಿರೂಪಾಕ್ಷ ಬಗ್ಗಿ ನೋಡಿದ. ಪಾದದಲ್ಲಿ ಬಾವಿಲ್ಲ, ಗಾಯವಿಲ್ಲ.

"ಏನಾಗೇತ್ರಿ ಕಾಲಿಗೆ?"

"ಗೊತ್ತಿಲ್ರಿ! ಯಾರಿಗೂ ಗೊತ್ತಿಲ್ಲ!"

ಅವಳು ಅದನ್ನು ಹೇಳಿದ ರೀತಿಗೆ ಅವನ ಸಿಟ್ಟು ಇಳಿದುಹೋಯಿತು. ಕೈ ಚಾಚಿ ಮೇಲೆ ಹತ್ತಿಸಿಕೊಂಡ. ಮುಂದಿನ ಸೀಟಿನಲ್ಲಿದ್ದ ಗಂಡಸನ್ನು ಎಬ್ಬಿಸಿ ಅವಳನ್ನು ಕೂರಿಸಿದ.

ಅದು ಎರಡು ಸಾವಿರದ ಎರಡನೇ ಇಸವಿ. ಮೀನಾ ಚಚಡಿಯ ಅಂಗನವಾಡಿ ಟೀಚರ್. ಹಿಂದಿನ ವರ್ಷ ಅವಳ ದೊಡ್ಡ ಕರುಳಿಗೆ ಬಾವು ಬಂದು, ರಕ್ತ ಹೋಗಿ ಹೋಗಿ ಬದುಕುವುದೇ ಕಷ್ಟ ಎನ್ನುವಂತಾಗಿತ್ತು. ಉಳಿಸಿದ್ದು ಸ್ಟಿರಾಯ್ಡ್ ಗುಳಿಗೆ. ಮುಖ ಊದಿತು, ಆದರೆ ಜೀವ ನಿಂತಿತು. ದಿನಕ್ಕೆ ಎಂಟಿದ್ದ ಗುಳಿಗೆಗಳನ್ನು ಬೆಳಗಾವಿಯ ಡಾಕ್ಟರು ಹದಿನೈದು ದಿನಕ್ಕೊಮ್ಮೆ ನೋಡಿ ಇಳಿಸುತ್ತ ಬಂದರು.

ಗುಳಿಗೆ ಇಳಿದಂತೆ ಪಾದದ ನೋವು ಏರಿತು!

ಎಕ್ಸ್‌ರೇ ಆಯಿತು, ರಕ್ತ ಪರೀಕ್ಷೆ ಆಯಿತು. "ಎಲ್ಲಾ ನಾರ್ಮಲ್ ಅದಮ್ಮಾ. ಯಾಕ ನೋಯಸ್ತದ, ನನಗೂ ತಿಳಿವಲ್ದು," ಎಂದರು ಡಾಕ್ಟರು.

ಕಾಣುವ ರೋಗಕ್ಕಾದರೆ ಜನ ಅಯ್ಯೋ ಅನ್ನುತ್ತಾರೆ. ಕಾಣದ ನೋವಿಗೆ? "ಕೆಲಸ ತಪ್ಪಸಾಕ ನಾಟಕ," ಎಂದರು. ಅವ್ವ ಸುಂದರವ್ವ ಕೂಡ ಒಮ್ಮೊಮ್ಮೆ ಮಗಳ ಮುಖವನ್ನು ಅನುಮಾನದಿಂದ ನೋಡುತ್ತಿದ್ದಳು. ಅದು ಕಾಲಿಗಿಂತ ಹೆಚ್ಚು ನೋಯುತ್ತಿತ್ತು.

ವಿರೂಪಾಕ್ಷ ಮಾತ್ರ ಅವಳು ಬಸ್ ಹತ್ತಿದ ಪ್ರತಿ ಸಲ ಕೇಳುತ್ತಿದ್ದ. "ಇವತ್ತ ಹೆಂಗೈತ್ರಿ?"

"ಕಾದ ಹಂಚಿನ ಮ್ಯಾಲ ನಿಂತಂಗ ಆಗತೈತ್ರಿ. ಎಂಟ್ ಗುಳಿಗಿ ಇದ್ದಾಗ ಏನೂ ಇರಲಿಲ್ಲ."

ಅವನು ನಂಬುತ್ತಿದ್ದ. ಅಷ್ಟೇ ಸಾಕಿತ್ತು ಅವಳಿಗೆ... ಯಾವಾಗ ಪ್ರೀತಿಯಾಯಿತೋ ಅವಳಿಗೇ ಗೊತ್ತಾಗಲಿಲ್ಲ.

ಆರು ತಿಂಗಳಿಗೆ ಅವನೇ ಟಿಕೆಟ್ ಹರಿಯುತ್ತ ಅಂದ. "ಐತವಾರ ಅವ್ವನ್ನ ಕರಕೊಂಡ ನಿಮ್ಮ ಮನಿಗೆ ಬರತೇನ್ರಿ. ಬರ್ಲ್ಯಾ?"

ಮೀನಾಳ ಮನಸ್ಸು ಹಿಗ್ಗಿತು. ಮರುಕ್ಷಣವೇ ಭಯ! ಕುಂಟುವ ಸೊಸೆಯನ್ನು ಯಾವ ಅತ್ತೆ ಒಪ್ಪುತ್ತಾಳೆ?

ಆಗ ದಿನಕ್ಕೆ ಎರಡೇ ಗುಳಿಗೆ ಇದ್ದವು. ಶುಕ್ರವಾರ ಅವಳು ಎಂಟು ನುಂಗಿದಳು. ಶನಿವಾರ ಎಂಟು. ರವಿವಾರವೂ ಎಂಟು! ಯಾರಿಗೂ ಹೇಳಲಿಲ್ಲ.

ನೋವು ಮಾಯ!

ಚಹಾದ ತಟ್ಟೆ ಹಿಡಿದು ಅಡುಗೆಮನೆಯಿಂದ ನೆಟ್ಟಗೆ ನಡೆದು ಬಂದಳು. ವಿರೂಪಾಕ್ಷನ ತಾಯಿ ಕೃಷ್ಣವ್ವನ ಮುಖ ಅರಳಿತು. "ಹುಡುಗಿ ಲಕ್ಷಣ ಅದಾಳ."

ಆದರೆ ವಿರೂಪಾಕ್ಷ? ಅವಳ ಪಾದಗಳನ್ನೇ ದಿಟ್ಟಿಸಿದ. ಮುಖ ಬಿಳಿಚಿಕೊಂಡಿತು. ಚಹಾ ಮುಟ್ಟದೆ ಕಪ್ಪು ಕೆಳಗಿಟ್ಟ. "ನಡಿ ಬೇ, ಹೋಗೂಣು," ಎಂದು ಎದ್ದುಬಿಟ್ಟ!

'ನಾನೇನು ತಪ್ಪು ಮಾಡಿದೆ?' ಮೀನಾಳಿಗೆ ತಿಳಿಯಲಿಲ್ಲ.

ಮಂಗಳವಾರ ಡಾಕ್ಟರ ಹತ್ತಿರ ಹೊರಟಾಗ ಬಸ್ಸಿನಲ್ಲಿ ಬೇರೆ ಕಂಡಕ್ಟರ್ ಇದ್ದ. ಮುಂದಿನ ಸಲವೂ ಬೇರೆಯವನೇ. ಹೆಚ್ಚಿಗೆ ನುಂಗಿ ಗುಳಿಗೆಗಳೂ ಕಡಿಮೆಯಾಗಿದ್ದವು. ಮತ್ತೆ ಎರಡಕ್ಕೆ ಇಳಿದಾಗ ನೋವು ಮೊದಲಿಗಿಂತ ಜೋರಾಗಿ ಬಂತು. ಹಾಸಿಗೆಯಿಂದ ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯಬೇಕಾಯಿತು. ಡಾಕ್ಟರಿಗೆ ನಿಜ ಹೇಳುವ ಧೈರ್ಯವೂ ಇಲ್ಲ. ಅಳುವುದೊಂದೇ ಅವಳ ಕೈಯಲ್ಲಿ ಉಳಿದಿತ್ತು.

ಇಪ್ಪತ್ತನೇ ದಿನ ಮಧ್ಯಾಹ್ನ ಬಾಗಿಲಲ್ಲಿ ವಿರೂಪಾಕ್ಷ ನಿಂತಿದ್ದ.

"ಮತ್ತ್ಯಾಕ ಬಂದ್ರಿ?" ಅವಳು ಹಾಸಿಗೆಯಲ್ಲೇ ಎದ್ದು ಕುಳಿತಳು. "ಬ್ಯಾಡಂತ ಎದ್ದ ಹೋದವ್ರು!"

"ಎಂಟ್ ಗುಳಿಗಿ ತಗೊಂಡಿದ್ರಿ. ಹೌದಿಲ್ಲೋ?"

ಮೀನಾ ತಲೆ ತಗ್ಗಿಸಿದಳು.

"ನೀವು ನೆಟ್ಟಗ ನಡಕೊಂಡ ಬಂದಿದ್ದ ನೋಡಿ ನನ್ನ ಜೀವಾನ ಹೋತು! ನನ್ನ ಸಲುವಾಗಿ ಇಕಿ ವಿಷ ನುಂಗಿದಂಗ ನುಂಗ್ಯಾಳಲ್ಲಾ ಅಂತ... ಅಲ್ಲಿ ಕುಂದ್ರಾಕ ಆಗಲಿಲ್ರಿ. ಹಾದ್ಯಾಗ ಅವ್ವಗ ಎಲ್ಲಾ ಖರೇ ಹೇಳಿದೆ. ಆಕಿ ರಂಪಾಟ ಮಾಡಿದ್ಲು. ಅದರಾಗ ನನ್ನ ಡ್ಯೂಟಿ ರಾಮದುರ್ಗದ ಕಡೆ ಹಾಕಿದ್ರು. ಅವ್ವನ್ನ ಒಪ್ಪಸದ ಯಾವ ಮಾರಿ ತಗೊಂಡ ಬರ್ಲಿ?"

"ಒಪ್ಪ್ಯಾರೇನ್ರಿ?"

"ಸಿಟ್ಟ ಇನ್ನೂ ಇಳಿದಿಲ್ಲ. ಆದ್ರ ಬಂದಾಳ. ಹೊರಗ ಕಟ್ಟಿ ಮ್ಯಾಲ ಕುಂತಾಳ."

ಹೊರಗಿನಿಂದ ಕೃಷ್ಣವ್ವನ ದನಿ ಬಂತು. "ಗುಳಿಗಿ ನುಂಗಿ ನನಗ ಮೋಸ ಮಾಡಿದಾಕಿ! ಮಾತಾಡೂದಿಲ್ಲ ನಾ. ಮೊದ್ಲ ಆಕೀನ್ನ ದವಾಖಾನಿಗೆ ಕರಕೊಂಡ ಹೋಗು!"

ಮೀನಾಳಿಗೆ ಅಳುವಿನ ನಡುವೆಯೂ ನಗು ಬಂತು.

"ಡಾಕ್ಟರ ಬೈತಾರ್ರಿ..."

"ಬೈಸ್ಕೊಳ್ಳೂಣು. ಇಬ್ಬರೂ ಕೂಡಿ ಹೋಗೂಣು."

"ಈ ನೋವು ಎಂದೂ ಹೋಗದಿದ್ರ?"

ಅವನು ಅವಳ ಹಾಸಿಗೆಯ ಪಕ್ಕ ನೆಲದ ಮೇಲೆ ಕುಳಿತ. ಸುಳ್ಳು ಧೈರ್ಯ ಹೇಳಲು ಅವನಿಗೆ ಬರಲಿಲ್ಲ.

"ಗೊತ್ತಿಲ್ಲ ಮೀನಾ. ನಿನ್ನ ನೋವ ತಗಿಯೂದು ನನ್ನ ಕೈಯಾಗಿಲ್ಲ... ನಿನ್ನ ಬಿಟ್ಟಿರೂದೂ ನನ್ನಿಂದ ಆಗೂದಿಲ್ಲ."

ಅವಳು ಬೆರಗಾಗಿ ನೋಡಿದಳು. "ಮೀನಾ ಅಂದ್ರಿ..."

"ಸಿಟ್ಟ ಬಂತೇನು?"

"ಇಲ್ಲ..." ಅವಳ ಕೈ ಮೆಲ್ಲಗೆ ಅವನ ಕೈಯೊಳಗೆ ಸೇರಿತು. "ಇನ್ನೊಮ್ಮೆ ಅನ್ರಿ."