ಬೆಟ್ಟದ ಮೇಲೆ ಬೆಳಗಿನ ಹೊಗೆ

"ಯಾರದು ಇಲ್ಲಿ ಬೆಂಕಿ ಹಚ್ಚಿದ್ದು?!"

ಜೋಳದ ಹೊಲದ ನಡುವೆ ಕವಣೆ ಹಿಡಿದು ನಿಂತಿದ್ದ ಸೆಲ್ವಾನೆ ಬೆಚ್ಚಿಬಿದ್ದು ತಿರುಗಿದಳು.

ಹೊಲದ ಅಂಚಿನಲ್ಲಿ ಒಬ್ಬ ಯುವಕ. ಹೆಗಲ ಮೇಲೆ ಧೂಳು ಹಿಡಿದ ಕಂಬಳಿ, ತಲೆಗೆ ಹುಲ್ಲಿನ ಟೊಪ್ಪಿ, ಕೈಯಲ್ಲಿ ದೊಣ್ಣೆ, ಮೂಗಿನ ತುದಿಯಲ್ಲಿ ಸಿಟ್ಟು. ಅವನ ಹಿಂದೆ... ಅಯ್ಯೋ ದೇವರೇ, ಒಂದು ಇಡೀ ದನದ ಮಂದೆ!

"ನಾನೇ ಹಚ್ಚಿದ್ದು. ಏನೀಗ? ನನ್ನ ಹೊಲ, ನನ್ನ ಬೆಂಕಿ!"

"ಏನೀಗ ಅಂತೆ! ನಿಮ್ಮ ಹೊಗೆ ನೋಡ್ಕೊಂಡೇ ನಾನು ಬೆಟ್ಟದಿಂದ ದನ ಇಳಿಸಿದ್ದು. ಬಂದು ನೋಡಿದ್ರೆ ಕೆಳಗಿನ ಹುಲ್ಲುಗಾವಲು ಇನ್ನೂ ಮೇಯಿಸೋಕೆ ಬಿಟ್ಟೇ ಇಲ್ಲ. ಊರ ನಾಯಕರ ಕಾವಲಿನವನು ಬೈದು ಅಟ್ಟಿದ!"

"ಹಕ್ಕಿ ಓಡಿಸೋಕೆ ಹಸಿ ಕಳೆ ಸುಟ್ಟೆ. ದನ ಇಳಿಸಿ ಅಂತ ನಾನೇನಾದ್ರೂ ಹೇಳಿದ್ನಾ?"

"ವರ್ಷಾ ವರ್ಷಾ ಹೇಳ್ತಿದ್ರಲ್ಲ! ಈ ಹೊಲದ ಅಮ್ಮ ಮೊದಲ ಬೆಂಕಿ ಹಚ್ಚಿದ್ರು ಅಂದ್ರೆ ಬೇಸಿಗೆ ಮುಗೀತು ಅಂತ. ನಮ್ಮಪ್ಪನ ಕಾಲದಿಂದ ನಾವು ಇಳಿಯೋದೇ ಆ ಹೊಗೆ ನೋಡಿ. ಎಲ್ಲಿ ಅವರು? ಕರೀರಿ, ಅವರನ್ನೇ ಕೇಳ್ತೀನಿ."

ಸೆಲ್ವಾನೆ ಜಾರಿದ್ದ ಸೂತಕದ ಕಪ್ಪು ಬಟ್ಟೆಯನ್ನು ಹೆಗಲ ಮೇಲೆ ಎಳೆದುಕೊಂಡಳು.

ಅವನ ಕಣ್ಣು ಆಗಷ್ಟೇ ಆ ಬಟ್ಟೆಯನ್ನು ಕಂಡಿತು. ಸಿಟ್ಟು ಎಲ್ಲಿ ಹೋಯಿತೋ... ಟೊಪ್ಪಿ ಕೈಗೆ ಬಂತು.

"ಯಾವಾಗ?" ಎಂದ ಮೆಲ್ಲಗೆ.

"ಪೀಚ್ ಹೂ ಉದುರಿದ ಮೇಲೆ. ನೀವೆಲ್ಲ ಆಗಲೇ ಬೆಟ್ಟ ಹತ್ತಿದ್ರಿ."

"ಯಾರೂ ಹೇಳ್ಲಿಲ್ಲ ನಮಗೆ..."

ಅವನ ಹೆಸರು ಥೆಬೆ. ಮಂದೆಯನ್ನು ತಿರುಗಿಸಿದ. ಸ್ವಲ್ಪ ದೂರ ಹೋಗಿ ನಿಂತ.

"ಹಾಗಾದ್ರೆ ಈ ವರ್ಷ ಬೇಸಿಗೆ ಮುಗೀತು ಅಂತ ನಮಗೆ ಹೇಳೋರು ಯಾರು?"

ಕೇಳಿದವನು ಹೊರಟುಹೋದ. ಪ್ರಶ್ನೆ ಮಾತ್ರ ಸೆಲ್ವಾನೆಯ ತಲೆಯೊಳಗೆ ಚಾಪೆ ಹಾಸಿಕೊಂಡು ಕೂತಿತು.

ನಮ್ಮ ಲೆಸೊಥೊದ ಬೆಟ್ಟಗಳಲ್ಲಿ ಬೇಸಿಗೆ ಹೋಗುವುದು ಕಳ್ಳನ ಹಾಗೆ, ಯಾರಿಗೂ ಗೊತ್ತಾಗದಂತೆ. ಮಧ್ಯಾಹ್ನ ಬಿಸಿಲು ಸುಡುತ್ತಲೇ ಇರುತ್ತದೆ, ಸಂಜೆಗೆ ಕಂಬಳಿ ಬೇಕೆನಿಸುತ್ತದೆ. ಆದರೆ ಅಮ್ಮನಿಗೆ ಆ ದಿನ ಗೊತ್ತಾಗುತ್ತಿತ್ತು! ಒಂದು ಬೆಳಿಗ್ಗೆ ಹೊಸ್ತಿಲ ಕಲ್ಲಿನ ಮೇಲೆ ನಿಂತು, ಮೂಗೆತ್ತಿ, "ಬಂತು" ಎನ್ನುತ್ತಿದ್ದಳು. ಒಲೆಯ ಕೆಂಡವನ್ನು ಒಡೆದ ಮಡಕೆಯ ಚೂರಿನಲ್ಲಿ ತುಂಬಿಕೊಂಡು ಹೊಲಕ್ಕೆ ಹೊರಡುತ್ತಿದ್ದಳು. ಬೆಂಕಿ ಹಚ್ಚಿ, ಹೊಲದಂಚಿನಲ್ಲಿ ಉಳಿದ ಎಳೆ ಮೆಕ್ಕೆಜೋಳ ಸುಟ್ಟು, ದಾರಿಹೋಕರಿಗೆಲ್ಲ ಕೊಡುತ್ತಿದ್ದಳು.

ಏನನ್ನು ಮೂಸಿ ನೋಡುತ್ತಿದ್ದಳು ಅಮ್ಮ? ಗಾಳಿಯನ್ನೇ? ಹುಲ್ಲನ್ನೇ? ಕೇಳಿಕೊಳ್ಳಬೇಕು ಅಂತ ಸೆಲ್ವಾನೆಗೆ ಹೊಳೆದಿರಲೇ ಇಲ್ಲ. ಕೇಳೋಣ ಅನ್ನುವಾಗ ಅಮ್ಮನೇ ಇರಲಿಲ್ಲ.

"ಮೊದಲ ಬೆಂಕಿ ಈ ಸಲ ನಿನ್ನ ಕೈಯಿಂದಲೇ ಆಗ್ಬೇಕು," ಎಂದಿದ್ದರು ಅಜ್ಜಿ. "ಅವತ್ತೇ ಈ ಕಪ್ಪು ತೆಗೀತೀನಿ. ಬೇಸಿಗೆಯ ಅಳುವನ್ನ ಚಳಿಗೆ ಹೊತ್ಕೊಂಡು ಹೋಗಬಾರದು ಮಗಾ."

ಸೆಲ್ವಾನೆ ತಲೆಯಾಡಿಸಿದ್ದಳು. ಮನಸ್ಸು ಮಾತ್ರ ಬೇರೆಯೇ ಹೇಳುತ್ತಿತ್ತು. 'ಈ ಬಟ್ಟೆ ತೆಗೆದ ದಿನ ಅಮ್ಮ ನಿಜವಾಗಿಯೂ ಹೋಗಿಬಿಡ್ತಾಳೆ...'

ಥೆಬೆ ಮತ್ತೆ ಬಂದ. ಈ ಸಲ ದನವಿಲ್ಲ, ಕುದುರೆ ಮಾತ್ರ. ಬೆಟ್ಟದ ಮೇಲಿನ ದನದ ಹಟ್ಟಿಗೆ ಹಿಟ್ಟು ಒಯ್ಯಬೇಕಿತ್ತು, ಹೊಲ ದಾರಿಯಲ್ಲೇ ಸಿಕ್ಕಿತು ಎಂದ. ಹಿಟ್ಟಿನ ಗಿರಣಿ ಇರುವುದು ಇನ್ನೊಂದು ದಿಕ್ಕಿನಲ್ಲಿ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಯೋಚಿಸ್ದೆ," ಎಂದ ಕುದುರೆಯಿಂದ ಇಳಿಯದೆಯೇ. "ಕವಲುತೋಕೆ ಹಕ್ಕಿಗಳು! ಅವು ಹೊರಟ ದಿನವೇ ನಿಮ್ಮಮ್ಮ ಬೆಂಕಿ ಹಚ್ತಿದ್ರು."

"ಅವು ಹೋದ ವಾರವೇ ಹೊರಟ್ವು. ಇನ್ನೂ ಸೆಕೆ ನೋಡು."

"ಹಾಗಾದ್ರೆ ಕುದುರೆ! ಚಳಿ ಬರೋ ಮುಂಚೆ ಕುದುರೆ ಕೂದಲು ದಪ್ಪ ಆಗುತ್ತೆ."

"ಅಮ್ಮನ ಹತ್ರ ಕುದುರೆ ಎಲ್ಲಿತ್ತು?"

"ಪಕ್ಕದ ಮನೆ ಕುದುರೆ?"

ಸೆಲ್ವಾನೆಗೆ ನಗು ಬಂದುಬಿಟ್ಟಿತು! ಬಾಯಿ ಮುಚ್ಚಿಕೊಂಡಳು. ಸೂತಕದ ಬಟ್ಟೆಯಲ್ಲಿ ಹೀಗೆ ನಗಬಹುದೇ?

ಆಮೇಲೆ ಅವನಿಗೆ ಪದೇ ಪದೇ ಹಿಟ್ಟು ಮುಗಿಯತೊಡಗಿತು. ಬಂದಾಗಲೆಲ್ಲ ಒಂದು ಹೊಸ ಊಹೆ. ಮಿಡತೆಯ ದನಿ ಇಳಿಯುವುದು, ಬೇಲಿಯ ಗುಲಾಬಿ ಬಣ್ಣದ ಕಾಡುಹೂ, ಪೀಚ್ ಎಲೆಯ ಹಳದಿ. ಒಂದೊಂದನ್ನೂ ಇಬ್ಬರೂ ಹೊಲವೆಲ್ಲ ತಿರುಗಿ ಪರೀಕ್ಷಿಸುತ್ತಿದ್ದರು. ಸೂರ್ಯ ಬೆಟ್ಟಕ್ಕೆ ತಾಗುವ ಮುಂಚೆ ಅವಳು ಮನೆ ಸೇರಬೇಕು, ಕಪ್ಪು ಉಟ್ಟವರ ನಿಯಮ ಅದು. ಅವನೇ ನೆನಪಿಸುತ್ತಿದ್ದ: "ಹೊರಡು, ಹೊತ್ತಾಯ್ತು."

"ಹಟ್ಟಿಯವರು ಅಷ್ಟೊಂದು ಉಣ್ತಾರಾ?" ಎಂದು ಅಜ್ಜಿ ಒಮ್ಮೆ ಕೇಳಿದರು, ಜೋಳ ಕೇರುತ್ತಾ. "ಆ ಹುಡುಗ ಹೊತ್ತ ಹಿಟ್ಟಲ್ಲಿ ಒಂದು ಮದುವೆ ಮಾಡಬಹುದು."

"ಅಜ್ಜೀ!"

"ನಾನೇನೂ ಹೇಳಲಿಲ್ಲಪ್ಪ. ಹಿಟ್ಟಿನ ವಿಷಯ ಹೇಳಿದೆ."

ಒಂದು ಮಧ್ಯಾಹ್ನ ಥೆಬೆ ಕೆಂಪಾಗತೊಡಗಿದ್ದ ಒಂದು ತೆನೆಯನ್ನು ಬೆರಳಿಂದ ಎತ್ತಿ ನೋಡುತ್ತಿದ್ದ.

"ಸೆಲ್ವಾನೆ, ಬೇಸಿಗೆ ಎಲ್ಲಿಗೆ ಹೋಗುತ್ತೆ ಅಂತೀಯ?"

ಅವಳು ಒಂದು ಕಾಳು ಬಿಡಿಸಿ ಹಲ್ಲಲ್ಲಿ ಕಚ್ಚಿದಳು. ಹಾಲು ಇರಲಿಲ್ಲ, ಗಟ್ಟಿಯಾಗಿತ್ತು.

"ಹೋಗಲ್ಲ ಅನ್ಸುತ್ತೆ. ಇದರೊಳಗೆ ಸೇರ್ಕೊಳುತ್ತೆ. ಅಷ್ಟು ಬಿಸಿಲೆಲ್ಲ ಇನ್ನೆಲ್ಲಿಗೆ ಹೋಗ್ಬೇಕು?"

ಅವನು ಅವಳನ್ನೇ ನೋಡುತ್ತಿದ್ದ. ಎಷ್ಟು ಹೊತ್ತು ನೋಡಿದನೆಂದರೆ ಅವಳ ಕಿವಿಯೆಲ್ಲ ಬಿಸಿಯಾಯಿತು.

"ಮೊದಲ ಬೆಂಕಿ ದಿನ ನಿನ್ನ ಕಪ್ಪು ತೆಗೀತಾರಂತೆ," ಎಂದ. "ಈಗ ಕೇಳಬಾರದು, ಗೊತ್ತು. ಅವತ್ತು... ಅವತ್ತು ಕೇಳಬಹುದಾ? ಚಿಕ್ಕಪ್ಪನ್ನ ನಿಮ್ಮನೆಗೆ ಕಳಿಸ್ಲಾ?"

ಎದೆ ಧಸಕ್ಕೆಂದಿತು! ಸಂತೋಷವೇ... ಹೌದು, ಸಂತೋಷವೇ. ಆದರೆ ಅದರ ಬೆನ್ನಿಗೇ ಅಮ್ಮನ ಮುಖ. ಎಲ್ಲರೂ ಆ ದಿನ ಬೇಗ ಬರಲಿ ಅಂತಾರೆ. ಇವನೂ!

"ನಾನು ಆ ಬೆಂಕಿ ಹಚ್ಚೋದೇ ಇಲ್ಲ," ಎಂದುಬಿಟ್ಟಳು. "ಈ ವರ್ಷ ಅಲ್ಲ, ಯಾವ ವರ್ಷವೂ ಇಲ್ಲ!"

ಥೆಬೆಯ ಮುಖ ಬಾಡಿತು. ಟೊಪ್ಪಿ ಹಾಕಿಕೊಂಡು ಕುದುರೆ ಹತ್ತಿದ.

"ಅರ್ಥ ಆಯ್ತು. ನಮ್ಮ ಮಂದೆ ಈ ಸಲ ಆ ಕಡೆ ಕಣಿವೆಯಿಂದ ಇಳಿಯುತ್ತೆ. ನಿನಗೆ ತೊಂದ್ರೆ ಕೊಡಲ್ಲ."

'ಅಯ್ಯೋ, ನಿನಗಲ್ಲ ನಾನು ಹೇಳಿದ್ದು!' ಎಂದು ಕೂಗಬೇಕೆನಿಸಿತು. ಅವನು ಆಗಲೇ ತಿರುವಿನಾಚೆ ಇದ್ದ.

ಆಮೇಲೆ ಅವನ ಹಟ್ಟಿಯಲ್ಲಿ ಹಿಟ್ಟು ಮುಗಿಯಲೇ ಇಲ್ಲ.

ತೆನೆಗಳು ಪೂರ್ತಿ ಕೆಂಪಾದವು. ಹಕ್ಕಿಗಳೂ ಬೇಸತ್ತು ಹೋದವು. ನೆರೆಯ ಹೆಂಗಸರು ನೀರಿನ ದಾರಿಯಲ್ಲಿ ತಡೆದು, "ಏನೇ ಹುಡುಗಿ, ಈ ವರ್ಷ ನಿಮ್ಮ ಬೆಂಕಿ ಇಲ್ವಾ? ನಮ್ಮ ಬಾಯಿ ಒಣಗ್ತಿದೆ," ಎಂದು ಕೆಣಕಿದರು. ಪ್ರತಿ ಸಂಜೆ ಬೆಟ್ಟದ ನೆತ್ತಿಯಲ್ಲಿ ಹಟ್ಟಿಯ ಹೊಗೆ ಏಳುತ್ತಿತ್ತು. ಅವಳು ಅದನ್ನು ನೋಡುತ್ತಾ ಮನೆಗೆ ಬರುತ್ತಿದ್ದಳು, ನೋಡಿಲ್ಲ ಎಂದು ತನಗೇ ಹೇಳಿಕೊಳ್ಳುತ್ತಾ.

ಒಂದು ಬೆಳಿಗ್ಗೆ ಬಾಗಿಲು ತೆಗೆದಾಗ ಕಾಲು ತಣ್ಣಗೆ ಕೊರೆಯಿತು. ಯಾಕೋ ಏನೋ, ಅಮ್ಮ ನಿಲ್ಲುತ್ತಿದ್ದ ಹೊಸ್ತಿಲ ಕಲ್ಲಿನ ಮೇಲೆಯೇ ನಿಂತಳು. ಅಮ್ಮನ ಹಾಗೆಯೇ ಮೂಗೆತ್ತಿದಳು. ಗಾಳಿಗೆ ಯಾವ ವಾಸನೆಯೂ ಇರಲಿಲ್ಲ.

ಆದರೆ ಮೂಗೆತ್ತಿದವಳ ಕಣ್ಣಿಗೆ ದೊಡ್ಡಿಯ ಗೋಡೆಗೂ ಪೀಚ್ ಮರಕ್ಕೂ ನಡುವಿನ ಸಂದಿಯಲ್ಲಿ ಬೆಟ್ಟದ ನೆತ್ತಿ ಕಂಡಿತು. ಅಲ್ಲಿ... ಹೊಗೆ!

ಬೆಳಿಗ್ಗೆ! ಹಟ್ಟಿಯವರು ಬೆಳಿಗ್ಗೆ ಬೆಂಕಿ ಹಚ್ಚುವವರೇ ಅಲ್ಲವಲ್ಲ! ಬೇಸಿಗೆಯಿಡೀ ಆ ಹೊಗೆ ಸಂಜೆಗೆ ಮಾತ್ರ.

ಸೆಲ್ವಾನೆಯ ಕಾಲು ಕಲ್ಲಿಗೆ ಅಂಟಿಕೊಂಡಿತು.

"ಅಜ್ಜಿ..." ಬಾಗಿಲತ್ತ ತಿರುಗಿ ಕೂಗಿದಳು. "ಅಜ್ಜೀ! ಅಮ್ಮ ಮೂಸಿ ನೋಡ್ತಿರಲಿಲ್ಲ! ಬೆಟ್ಟ ನೋಡ್ತಿದ್ಲು! ಮೇಲಿನವರು ಬೆಂಕಿ ಹಚ್ಚಿದ್ರೆ ಇವಳೂ ಹಚ್ತಿದ್ಲು!"

ಅಜ್ಜಿ ಕಂಬಳಿ ಹೊದ್ದು ಹೊರಗೆ ಬಂದು, ಕಣ್ಣು ಕಿರಿದು ಮಾಡಿ ನೋಡಿದರು.

"ಕಳ್ಳಿ," ಎಂದರು ಕಣ್ಣೊರೆಸಿಕೊಳ್ಳುತ್ತಾ. "ನನಗೂ ಹೇಳಿರಲಿಲ್ಲ ನೋಡು."

ಅಮ್ಮ ಗಾಳಿಯ ಗುಟ್ಟನ್ನೇನೂ ತಿಳಿದಿರಲಿಲ್ಲ. ದೂರದಲ್ಲಿ ಯಾರೋ ಚಳಿಗೆ ಬೆಂಕಿ ಹಚ್ಚಿದರೆ, 'ಕಂಡೆ, ಕೆಳಗಿಳಿದು ಬನ್ನಿ' ಎಂದು ಉತ್ತರ ಕೊಡುತ್ತಿದ್ದಳು, ಅಷ್ಟೇ. ಈಗ ಮೇಲಿನವರು ಕೇಳಿಯಾಗಿದೆ. ಉತ್ತರ ಕೊಡಬೇಕಾದ ಜಾಗದಲ್ಲಿ ತಾನು ನಿಂತಿದ್ದೇನೆ, ಅಮ್ಮನ ಕಲ್ಲಿನ ಮೇಲೆ. ಬೆಂಕಿ ಹಚ್ಚಿದರೆ ಅಮ್ಮ ಹೋಗುತ್ತಾಳೆ ಎಂದುಕೊಂಡಿದ್ದಳಲ್ಲ! ಹಚ್ಚದೆ ಹೋದರೇ ಅಮ್ಮ ಇಲ್ಲವಾಗುವುದು ಎಂದು ಸೆಲ್ವಾನೆಗೆ ಆ ಕ್ಷಣ ತಿಳಿಯಿತು. ಅಳು ಉಕ್ಕಿ ಬಂತು, ಆದರೆ ಅದು ಹಗುರಾದ ಅಳು.

"ಕೆಂಡ ಕೊಡಿ ಅಜ್ಜಿ! ಬೇಗ!"

ಹೊಲದಲ್ಲಿ ಒಣ ಸೆಗಣಿ, ಒಣ ದಂಟು ಪೇರಿಸಿ ಊದಿದಳು. ಹೊಗೆ ನೆಟ್ಟಗೆ ಎದ್ದಿತು. ಹಿಂದೆಯೇ ಬಂದ ಅಜ್ಜಿ ಕಪ್ಪು ಬಟ್ಟೆಯ ಪಿನ್ನು ಬಿಚ್ಚಿ, ಅಮ್ಮನ ಕಂದು ಕಂಬಳಿಯನ್ನು ಅವಳ ಹೆಗಲಿಗೆ ಹೊದಿಸಿ, ಅದೇ ಪಿನ್ನು ಹಾಕಿದರು. "ತೀರಿಹೋದ ಹಿರಿಯರ ಜೊತೆ ಕೂತು ನಿಮ್ಮಮ್ಮ ನೋಡ್ತಿರ್ತಾಳೆ ಬಿಡು," ಎಂದರು.

ಹೆಂಗಸರು ಬಂದರು, ಸುಟ್ಟ ಮೆಕ್ಕೆಜೋಳ ತಿಂದರು, ಹೋದರು. ಮಧ್ಯಾಹ್ನ ಕಳೆಯಿತು. ಬೆಟ್ಟದ ದಾರಿಯಲ್ಲಿ ಯಾರೂ ಇಲ್ಲ.

'ಆ ಕಡೆ ಕಣಿವೆಯಿಂದ ಇಳಿದಿರಬೇಕು. ತಡ ಮಾಡಿದೆ...'

ಇಳಿಬಿಸಿಲಲ್ಲಿ ಗಂಟೆಯ ಸದ್ದು ಕೇಳಿತು. ಒಂದು, ಆಮೇಲೆ ಹಲವು. ಮಂದೆಯ ಮುಂದೆ ಕುದುರೆಯ ಲಗಾಮು ಹಿಡಿದು ಥೆಬೆ ನಡೆದು ಬರುತ್ತಿದ್ದ. ಹೊಲದ ಅಂಚಿನಲ್ಲಿ ನಿಂತ. ಅವಳ ಹೆಗಲಿನ ಕಂಬಳಿ ನೋಡಿದ.

"ಹಕ್ಕಿ ಓಡಿಸೋಕೆ ಹಚ್ಚಿದ್ದಾ?"

"ಹೊಗೆ ನೋಡಿದ್ರೆ ಗೊತ್ತಾಗಲ್ವಾ?"

"ಗೊತ್ತಾಯ್ತು. ಅದಕ್ಕೇ ಆ ಕಣಿವೆಗೆ ಅರ್ಧ ಇಳಿದ ಮಂದೆನ ತಿರುಗಿಸ್ಕೊಂಡು ಬಂದೆ. ದನಗಳೆಲ್ಲ ಬೈತಿವೆ ನನ್ನ."

"ಥೆಬೆ, ಇವತ್ತು ಬೆಳಿಗ್ಗೆ ಯಾಕೆ ಬೆಂಕಿ ಹಚ್ಚಿದ್ರಿ?"

"ಬೆಳಿಗ್ಗೆನಾ? ಕೊಡದ ನೀರು ಹೆಪ್ಪುಗಟ್ಟಿತ್ತು. ಗಂಜಿಗೆ ಕರಗಿಸ್ಬೇಕಲ್ಲ."

"ಪ್ರತಿ ವರ್ಷ?"

"ಹೆಪ್ಪುಗಟ್ಟಿದ ಮೊದಲ ದಿನ. ಅಲ್ಲಿ ತನಕ ಬೆಳಿಗ್ಗೆ ಹುಳಿಹಾಲೇ ಗತಿ. ಯಾಕೆ?" ಎಂದವನು ತಟ್ಟನೆ ನಿಂತ. ಅವಳ ಮುಖ ನೋಡಿದ, ಬೆಟ್ಟ ನೋಡಿದ. "ತಾಳು... ನಾವು ಅವರನ್ನ ನೋಡಿ ಇಳೀತಿದ್ವಿ. ಅವರು ನಮ್ಮ ಗಂಜಿ ಪಾತ್ರೆ ನೋಡಿ..."

ಇಬ್ಬರೂ ನಕ್ಕರು. ನಗುತ್ತಲೇ ಅವಳ ಕಣ್ಣು ತುಂಬಿತು.

"ಹಚ್ಚೋದೇ ಇಲ್ಲ ಅಂದಿದ್ದು ಅಮ್ಮನ್ನ ಬಿಡೋಕೆ ಆಗದೆ," ಎಂದಳು. "ನಿನಗೆ ಇಲ್ಲ ಅಂದಿದ್ದಲ್ಲ."

ಅವಳು ಬೂದಿಯಿಂದ ಕೊನೆಯ ಮೆಕ್ಕೆಜೋಳ ತೆಗೆದು, ಮುರಿದು, ದೊಡ್ಡ ಭಾಗವನ್ನು ಅವನ ಕೈಗಿಟ್ಟಳು. ಬಿಸಿಗೆ ಅವನು ಕೈ ಬದಲಾಯಿಸಿದ, ಬಿಡಲಿಲ್ಲ.

"ಚಿಕ್ಕಪ್ಪನ್ನ ಯಾವಾಗ ಕಳಿಸ್ತೀಯಾ?"

"ನಾಳೆ ಬೆಳಿಗ್ಗೆನೇ! ಗಂಜಿ ಕುಡಿದ ತಕ್ಷಣ!"

"ಗಂಜಿ ಇಲ್ಲೇ ಕುಡೀಲಿ ಬಿಡು," ಎಂದಳು ಸೆಲ್ವಾನೆ. "ಬೆಂಕಿ ಆರೋಕೆ ಬಿಡಲ್ಲ ನಾನು."