ಮೂರನೆಯವನಾಗಿ ಬಂದವನು

"ನೀವು ಮೂರನೆಯವರು," ಅಂದಳು ಮೌನಿಕಾ. "ಅದೇ ತೊಂದರೆ."

ಹೆಣ್ಣು ನೋಡಲು ಬಂದ ಗಂಡಿಗೆ ಯಾರೂ ಹೇಳದ ಮಾತು! ಅಶ್ವಥ್ ಕಣ್ಣು ಪಿಳಿಪಿಳಿ ಬಿಟ್ಟ.

ಮೊಳಕಾಲ್ಮುರಿನ ಆ ಹಿತ್ತಲಲ್ಲಿ ಬಣ್ಣ ಹಾಕಿದ ರೇಷ್ಮೆ ನೂಲು ಸಾಲಾಗಿ ಒಣಗುತ್ತಿತ್ತು. 'ಹುಡುಗ ಹುಡುಗಿ ಒಂದೆರಡು ಮಾತಾಡಿಕೊಳ್ಳಲಿ' ಅಂತ ಹಿರಿಯರು ಅವರಿಬ್ಬರನ್ನು ಅಲ್ಲಿಗೆ ಕಳಿಸಿದ್ದರು. ಮಾತಿಗೂ ಮುಂಚೆ ಅವನ ಬಿಳಿ ಅಂಗಿಗೆ ಹಸಿ ನೂಲಿನ ಗುಲಾಬಿ ಬಣ್ಣ ತಾಗಿ, ಇಬ್ಬರೂ ಗೊಳ್ಳನೆ ನಕ್ಕಿದ್ದರು.

ಆ ನಗುವೇ ಅವಳಿಗೆ ಹೆದರಿಕೆ ಹುಟ್ಟಿಸಿದ್ದು.

"ಮೂರನೆಯವನಾದ್ರೆ ಏನ್ರಿ ಈಗ?"

"ಅಪ್ಪ ಹತ್ತು ಗಂಡು ತೋರಿಸ್ತೀನಿ ಅಂದಿದಾರೆ. ಹತ್ತರಲ್ಲಿ ಒಳ್ಳೆಯವರು ಸಿಗಬೇಕು ಅಂದ್ರೆ ಮೊದಲ ಮೂವರನ್ನ ನೋಡಿ ಬಿಟ್ಟುಬಿಡಬೇಕು. ಆಮೇಲೆ, ಆ ಮೂವರಿಗಿಂತ ಮೇಲಿನವರು ಯಾರು ಮೊದಲು ಬರ್ತಾರೋ ಅವರಿಗೆ ಹೂಂ ಅನ್ನಬೇಕು."

"ಇದು ಯಾರ ಮನೆ ಪದ್ಧತಿ?"

"ಗಣಿತದ್ದು."

ಅಶ್ವಥ್ ಅಂಗಿಯ ಗುಲಾಬಿ ಕಲೆ ಉಜ್ಜಿಕೊಂಡ. "ಅಂದ್ರೆ ನಾನು ಬರೀ ಅಳತೆಗೆ ಬಂದವನು."

"ಬೇಜಾರು ಮಾಡ್ಕೋಬೇಡಿ. ಒಳ್ಳೆ ಅಳತೆ."

"ನಾಲ್ಕನೆಯವನು ಯಾರು ಅಂತ ಹೇಳ್ರಿ. ಕಾಲು ಹಿಡಿದಾದ್ರೂ ಪಾಳಿ ಬದಲಾಯಿಸ್ಕೋತೀನಿ."

ನಗು ಬಂತು. ನುಂಗಿಕೊಂಡಳು. ಒಳಗೆ ಹೋಗಿ ಬೇಡ ಅಂದಳು.

"ನೀಕು ಪಿಚ್ಚಿ ಪಟ್ಟಿಂದಾ?" ಅಂತ ತಾಯಿ ಜಗದಾಂಬ ತಲೆ ಚಚ್ಚಿಕೊಂಡರು. ಮಗಳಿಗೆ ಹುಚ್ಚು ಹಿಡಿದಿದೆ ಅನ್ನುವಂಥ ದೊಡ್ಡ ಸಂಗತಿಗಳು ಆ ಮನೆಯಲ್ಲಿ ತೆಲುಗಿನಲ್ಲೇ ಬರುತ್ತಿದ್ದವು. "ಕೊಂಡ್ಲಹಳ್ಳಿ ಹುಡುಗ. ನಮ್ಮೋರೇ. ಡಿಸೈನ್ ಓದಿದಾನೆ, ಮಗ್ಗಾನೂ ಬರುತ್ತೆ. ಇನ್ನೇನೇ ಬೇಕಿತ್ತು ನಿನಗೆ?"

"ಕಾಯೋದ್ರಲ್ಲಿ ಲಾಭ ಐತೆ ಅಮ್ಮಾ."

"ಯಾರಿಗೆ?"

ಮೌನಿಕಾ ಬಸ್ಸಿಗೆ ಹೊತ್ತಾಯಿತು ಅಂತ ಚೀಲ ಎತ್ತಿಕೊಂಡಳು.

* * *

ಮೌನಿಕಾ ಚಳ್ಳಕೆರೆಯಲ್ಲಿ ರೂಮು ಮಾಡಿಕೊಂಡು ಅರ್ಥಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದಳು. ಅವಳಿಗೆ ಅದೇ ಮಹಾನಗರ. ಬೆಂಗಳೂರಿನವರು ನಕ್ಕರೆ ನಗಲಿ! ದಿನಾ ಸಂಜೆ ಮೊಬೈಲಿನಲ್ಲಿ ಮಾತಾಡಿ 'ಇವತ್ತಿನ ವಿಚಾರ' ಅಂತ ಸ್ಟೇಟಸ್ ಹಾಕುವುದು ಅವಳ ಚಟ.

'ಇವತ್ತಿನ ವಿಚಾರ: ಶೇರ್ ಆಟೋ ತುಂಬೋ ತನಕ ಹೊರಡಲ್ಲ. ತುಂಬಿದ ಮೇಲೂ ಹೊರಡಲ್ಲ. ತುಂಬಿತು ಅನ್ನೋದು ಆಟೋದವರ ಅಭಿಪ್ರಾಯ, ನಮ್ಮದಲ್ಲ.'

'ಇವತ್ತಿನ ವಿಚಾರ: ನೀರಿನ ಘಟಕದಲ್ಲಿ ಚಿಕ್ಕ ಸಾಲು ನೋಡಿ ನಿಂತೆ. ಸಾಲು ಚಿಕ್ಕದಿದ್ದದ್ದಕ್ಕೆ ಕಾರಣ ಇತ್ತು. ನಲ್ಲಿ ಕೆಟ್ಟಿತ್ತು!'

ನೋಡಿದವರ ಪಟ್ಟಿಯಲ್ಲಿ ಯಾವಾಗಲೂ ಮೊದಲ ಹೆಸರು ಅಶ್ವಥ್. ನಂಬರು ಕೊಟ್ಟದ್ದು ಅಪ್ಪನೇ ಇರಬೇಕು. ಒಂದು ಮಾತಿಲ್ಲ, ಒಂದು ನಗುಮುಖವಿಲ್ಲ. ಸುಮ್ಮನೆ ನೋಡುತ್ತಾನೆ!

ಅಷ್ಟರಲ್ಲಿ ನಾಲ್ಕನೆಯವನು ಬಂದ. ಬಂದವನು ತನ್ನ ಬೈಕಿನ ಗುಣಗಾನ ಮಾಡಿ ಹೋದ. ಐದನೆಯವನು ಹಿತ್ತಲಿನ ನೂಲನ್ನು ಮುಟ್ಟಿ, ಕೈಯನ್ನು ಕರ್ಚೀಫಿಗೆ ಒರೆಸಿಕೊಂಡ. ಆರನೆಯವನ ಪಾಲಿನ ಮಾತೆಲ್ಲ ಅವನ ಮಾವನೇ ಆಡಿದರು, 'ಹುಡುಗ ಬಹಳ ಮಾತುಗಾರ' ಅನ್ನುವುದೂ ಸೇರಿ.

ಪ್ರತಿ ಸಲವೂ ಅವಳು ತನ್ನನ್ನೇ ಕೇಳಿಕೊಂಡಳು... ಮೂರನೆಯವನಿಗಿಂತ ಮೇಲಾ?

ಅಲ್ಲ. ಅಲ್ಲ. ಅಲ್ಲವೇ ಅಲ್ಲ!

ಒಂದು ಸೋಮವಾರ ತಳಕು ದಾಟುತ್ತಿದ್ದ ಬಸ್ಸಿನಲ್ಲಿ ಅವಳಿಗೆ ದಿಗಿಲಾಯಿತು. ಎಲ್ಲರಿಗಿಂತ ಒಳ್ಳೆಯವನು ಮೊದಲ ಮೂವರಲ್ಲೇ ಬಂದು ಹೋಗಿದ್ದರೆ? ಆಮೇಲೆ ಬರುವ ಯಾರೂ ಒಪ್ಪಿಗೆಯಾಗುವುದಿಲ್ಲ. ಕೊನೆಗೆ ಹತ್ತನೆಯವನು ಹೇಗಿದ್ದರೂ ಅವನೇ ಗತಿ!

ಅಯ್ಯೋ...

* * *

ಆ ಶನಿವಾರ ಊರಿಗೆ ಬಂದರೆ, ಮಗ್ಗದ ಪಕ್ಕ ಅಮ್ಮ ಕೂರುವ ಜಾಗದಲ್ಲಿ ಅಶ್ವಥ್ ಕೂತಿದ್ದ!

ಅವರ ಮನೆಯ ಸೀರೆಗೆ ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ. ನೇಯುವವರ ಪಕ್ಕ ಇನ್ನೊಬ್ಬರು ಕೂತು ಅಂಚಿನ ಲಾಳಿ ಎಸೆಯದಿದ್ದರೆ ಕೆಲಸ ಮುಂದೆ ಸಾಗುವುದಿಲ್ಲ. ಜಗದಾಂಬರ ಮಣಿಕಟ್ಟು ಊದಿಕೊಂಡಿತ್ತು.

"ಅಪ್ಪಾ, ಇಡೀ ಊರಲ್ಲಿ ಇವರೇ ಬೇಕಿತ್ತಾ?"

ನಾಗರಾಜಪ್ಪ ಮಗ್ಗದಿಂದ ತಲೆ ಎತ್ತಲಿಲ್ಲ. "ನೀನು ಬೇಡ ಅಂದಿದ್ದು ಮದುವೆಗೆ. ಲಾಳಿಗಲ್ಲವಲ್ಲ."

ಅಲ್ಲಿಂದ ಪ್ರತಿ ಶನಿವಾರ ಅದೇ ಗೋಳು. ಅವಳು ಕಾಫಿ ತಂದರೆ ಅವನು ಇದ್ದಾನೆ. ಬಟ್ಟೆ ಒಣಹಾಕಲು ಹೋದರೆ ಅವನ ನಗು ಕೇಳುತ್ತದೆ. ಅಮ್ಮನಂತೂ ಅವನಿಗೆ ಎರಡು ದೋಸೆ ಹೆಚ್ಚಿಗೆ ಹಾಕುತ್ತಾಳೆ! ಅವನು ಬರದ ಒಂದು ಶನಿವಾರ ಮಾತ್ರ ಅವಳಿಗೆ ದೋಸೆಯೇ ಸೇರಲಿಲ್ಲ. ಅದಕ್ಕೂ ಅವನ ಮೇಲೇ ಸಿಟ್ಟು ಬಂತು.

ಕೊನೆಗೊಂದು ದಿನ ಬಾಗಿಲಲ್ಲಿ ಅಡ್ಡ ನಿಂತೇಬಿಟ್ಟಳು.

"ಇಲ್ಲಿ ಕಾಯ್ತಾ ಕೂತಿದೀರಾ? ನನ್ನ ಮನಸ್ಸು ಬದಲಾಗುತ್ತೆ ಅಂತ?"

ಅವನ ಮುಖ ಗಂಭೀರವಾಯಿತು. "ಇಲ್ಲರಿ. ನಿಮ್ಮ ತಂದೆ ಕರೆದ್ರು, ಬಂದೆ. ನಾನೂ ಹೆಣ್ಣು ನೋಡ್ತಿದೀನಿ. ನಿಮ್ಮ ಲೆಕ್ಕದಲ್ಲೇ."

"ನನ್ನ ಲೆಕ್ಕ?"

"ಚೆನ್ನಾಗೈತೆ ಅನ್ನಿಸ್ತು. ನೀವು ನನಗೆ ಮೊದಲನೆಯವರು. ಬಿಡಲೇಬೇಕಲ್ಲ? ಇನ್ನಿಬ್ಬರನ್ನೂ ನೋಡಾಯ್ತು. ನಾಳೆ ರಾಯದುರ್ಗದಲ್ಲಿ ನಾಲ್ಕನೆಯವರು."

ನಾಲ್ಕನೆಯವರು... ಅಂದರೆ ಹೂಂ ಅನ್ನಬಹುದಾದವರು!

"ನನಗಿಂತ... ಮೇಲಿದ್ರೆ ಮಾತ್ರ, ಅಲ್ವಾ?"

"ಅದನ್ನ ನೋಡೋಕೇ ಹೋಗ್ತಿರೋದು," ಅಂದು ಚಪ್ಪಲಿ ಮೆಟ್ಟಿ ಹೊರಟ.

ಥೂ! ತಾನು ಆರಿಸುತ್ತಿರುವಾಗ ಎದುರಿಗಿರುವವರೂ ಆರಿಸುತ್ತಿರುತ್ತಾರೆ ಅಂತ ಈ ಲೆಕ್ಕ ಕಲಿಸಿದ ಮೇಷ್ಟ್ರು ಯಾಕೆ ಪಾಠದಲ್ಲಿ ಹೇಳಲಿಲ್ಲ? ಅವನು ಬೀದಿಯ ತಿರುವು ದಾಟುವ ತನಕ ಬಾಗಿಲಲ್ಲೇ ನಿಂತು ನೋಡಿದಳು. ಇದು ಸಿಟ್ಟಲ್ಲ ಅಂತ ಅವಳಿಗೆ ಆಗ ಗೊತ್ತಾಯಿತು.

* * *

"ಅವರನ್ನ ಇನ್ನೊಂದು ಸಲ ಕರೀರಿ ಅಪ್ಪಾ. ಇವತ್ತೇ."

"ಅವರಮ್ಮ ಸಿದ್ದಕ್ಕ, ಬೇಡ ಅಂದೋರ ಮನೆ ಮೆಟ್ಟಿಲು ಹತ್ತೋ ಪೈಕಿ ಅಲ್ಲ. ಹುಡುಗ ಕೆಲಸಕ್ಕೆ ಬರೋದು ಬೇರೆ, ಹೆಣ್ಣು ಕೇಳೋಕೆ ಬರೋದು ಬೇರೆ."

"ಹಂಗಾದ್ರೆ ನಾನೇ ಹೋಗಿ ನೋಡ್ತೀನಿ."

"ಏನನ್ನ?"

"ಗಂಡನ್ನ!"

ಕೊಂಡ್ಲಹಳ್ಳಿಯಲ್ಲಿ ಬಸ್ಸಿಳಿದು ಅವಳು ಮುಂದೆ ಮುಂದೆ ನಡೆದಳು. ನಾಗರಾಜಪ್ಪ ಹಿಂದೆ ಹಿಂದೆ, ಪರಿಚಯವೇ ಇಲ್ಲದವರಂತೆ.

ಸಿದ್ದಕ್ಕ ರಾಟೆಯಲ್ಲಿ ನೂಲು ಸುತ್ತುತ್ತಿದ್ದವರು ನಿಲ್ಲಿಸಲಿಲ್ಲ. "ಬೇಡ ಅಂದೋಳು ಯಾಕಮ್ಮ ಬಂದೆ?"

"ನಿಮ್ಮ ಮಗನ್ನ ನೋಡೋಕೆ."

ರಾಟೆ ನಿಂತಿತು. "ಅವತ್ತು ಅವನಿಗೇನು ಕಡಿಮೆ ಇತ್ತು?"

ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ವಿವರಣೆಯೆಲ್ಲ ಮಾಯವಾಗಿತ್ತು. "ಏನೂ ಇಲ್ಲ. ಬೇಗ ಬಂದುಬಿಟ್ರು. ನಾನು... ಲೆಕ್ಕ ಸರಿಯಾಗೇ ಮಾಡಿದ್ದೆ ಅತ್ತೆ. ಮನಸ್ಸನ್ನ ಸೇರಿಸೋದು ಮರೆತೆ."

ಅತ್ತೆ!

ಬಾಯಿಂದ ಬಿದ್ದ ಮಾತನ್ನು ಎಲ್ಲಿಂದ ಹೆಕ್ಕುವುದು? ನಾಗರಾಜಪ್ಪ ಮಾಡಿನ ತೊಲೆಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಸಿದ್ದಕ್ಕನ ತುಟಿಯ ಅಂಚು ಅಲುಗಿತು. "ನಾನಿನ್ನೂ ಒಪ್ಪೇ ಇಲ್ಲ, ಆಗಲೇ ಅತ್ತೆ ಅಂತೆ! ಮಗ್ಗದ ಕೋಣೇಲಿ ಇದಾನೆ. ಅವನನ್ನೇ ಕೇಳು. ಅವನು ರಾಯದುರ್ಗ ಅಂದ್ರೆ ನಾನು ತಡೆಯಲ್ಲ." ಆಮೇಲೆ ದನಿ ತಗ್ಗಿಸಿ, "ಕಾಫಿಗೆ ಸಕ್ಕರೆ ಎಷ್ಟು?" ಅಂದರು.

ಅಶ್ವಥ್ ಮಗ್ಗದ ಮುಂದೆ ಕೈ ಕಟ್ಟಿ ಕೂತಿದ್ದ.

"ಕೇಳಿಸ್ತಾ?" ಅಂದಳು.

"ಎರಡು ಮನೆ ಆಚೆಗೂ ಕೇಳಿಸಿರುತ್ತೆ."

"ನಿಜವಾಗ್ಲೂ ಹೋಗೋರಿದ್ರಾ ನಾಳೆ?"

"ಹೋಗೋನಿದ್ದೆ. ನಿಮಗೋಸ್ಕರ ಕಾಯಬಾರದು ಅಂತ ತೀರ್ಮಾನ ಮಾಡಿದ್ದೆ." ಅವನು ತಲೆ ತಗ್ಗಿಸಿದ. "ದಿನಾ ಬೆಳಿಗ್ಗೆ ಎದ್ದು ಅದೇ ತೀರ್ಮಾನ ಮಾಡ್ತಿದ್ದೆ."

ಅವಳ ಕಣ್ಣು ಮಂಜಾಯಿತು. ಹೋಗಿ ಪಕ್ಕದಲ್ಲಿ ಕೂತಳು.

"ನನಗೆ ಇನ್ನೂ ನಾಲ್ಕು ಗಂಡು ಬಾಕಿ. ಅದರಲ್ಲಿ ನಿಮಗಿಂತ ಮೇಲಿನವರು ಇದ್ರೂ ಇರಬಹುದು... ನನಗೆ ನೋಡೋದೇ ಬೇಡ."

"ನಷ್ಟ ಆದ್ರೆ?"

"ಆಗ್ಲಿ ಬಿಡಿ!"

ಅವನು ಅವಳ ಕಡೆ ತಿರುಗಿ ಕೂತ. "ಮೌನಿಕಾ..." ಅಂದ, ಮೊದಲ ಸಲ ಹೆಸರು ಹಿಡಿದು. "ನನಗೂ ಬೇಡ. ರಾಯದುರ್ಗಕ್ಕೆ ಫೋನ್ ಮಾಡಿ ಬರಲ್ಲ ಅಂತೀನಿ."

"ಈಗಲೇ ಮಾಡಿ. ಪಾಪ, ಆ ಹುಡುಗೀನೂ ಏನೇನು ಲೆಕ್ಕ ಹಾಕ್ಕೊಂಡು ಕೂತಿದಾಳೋ!"

"ಮಾಡ್ತೀನಿ. ಕೈ ಬಿಡ್ತೀಯಾ? ಫೋನು ಈ ಕಡೆ ಜೇಬಲ್ಲಿ ಐತೆ."

ತಾನು ಅವನ ಕೈ ಹಿಡಿದದ್ದು ಯಾವಾಗ ಅಂತ ಅವಳಿಗೇ ಗೊತ್ತಿರಲಿಲ್ಲ.

"ಇನ್ನೊಂದು ಕೈಯಲ್ಲಿ ತಗೋ," ಅಂದಳು.